ಸರ್ವರ್‌ನಲ್ಲಿ ಕನ್ನಡ ಫೈಲ್ ಹೆಸರು ಬರೀ ನಂಬರ್ ಆಗಿ ಬರ್ತಿದೆ, ಡೆಸ್ಕ್‌ಟಾಪ್‌ನಲ್ಲಿ ಡಬ್ಬಿ ಡಬ್ಬಿ, ಲೊಕೇಲ್ (ಭಾಷೆ, ಅಕ್ಷರ ಪದ್ಧತಿಯ ಸೆಟ್ಟಿಂಗ್) ಬದಲಾಯಿಸಿದ್ರೂ ಸರಿ ಹೋಗ್ತಿಲ್ಲ

ಹೊಸ_ಶೆಲ್:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೇನೇ ಬಿದ್ದಿದೀನಿ, ಇನ್ನು ನನ್ನ ಕೈಲಿ ಆಗಲ್ಲ ಅನ್ನಿಸಿ ಇಲ್ಲಿ ಕೇಳ್ತಿದೀನಿ. ಅಪ್ಪ ಬರೆದಿಟ್ಟ ಡೈರಿಗಳನ್ನ ಕೂತ್ಕೊಂಡು ಟೈಪ್ ಮಾಡಿ ಇಟ್ಟಿದೀನಿ, ಸುಮಾರು ನಾನೂರು ಫೈಲ್, ಹೆಸರುಗಳೂ ಕನ್ನಡದಲ್ಲೇ ಇವೆ. ಎಲ್ಲಾ ಒಂದು ಡೆಬಿಯನ್ ಸರ್ವರ್ ಮೇಲಿದೆ, ಎಸ್‌ಎಸ್‌ಎಚ್ ಮಾಡ್ಕೊಂಡು, ಅಂದ್ರೆ ಟರ್ಮಿನಲ್‌ನಿಂದ ದೂರದಲ್ಲೇ ಲಾಗಿನ್ ಆಗಿ ನೋಡೋದು. ಈಗ ಅಲ್ಲಿ ಫೈಲ್ ಪಟ್ಟಿ ತೋರಿಸೋ ಎಲ್‌ಎಸ್ ಕೊಟ್ರೆ ಹೆಸರಿನ ಜಾಗದಲ್ಲಿ ಹಿಂಗೆ ಬರುತ್ತೆ:

''$'\340\262\225\340\262\250\340\263\215\340\262\250\340\262\241'

ಡೆಸ್ಕ್‌ಟಾಪ್ ಕೂಡ ಡೆಬಿಯನ್ನೇ, ಪೂರ್ತಿ ಡೆಸ್ಕ್‌ಟಾಪ್ ಪ್ಯಾಕೇಜ್ ಹಾಕದೆ ಬೇಕಾದಷ್ಟೇ ಹಾಕ್ಕೊಂಡಿದೀನಿ, ಎಕ್ಸ್‌ಎಫ್‌ಸಿಇ ಟರ್ಮಿನಲ್ಲು, ಮೌಸ್‌ಪ್ಯಾಡ್ ಎಡಿಟರ್ರು. ಅದರಲ್ಲಿ ಅದೇ ಫೈಲ್ ತೆಗೆದ್ರೆ ಅಕ್ಷರದ ಬದಲು ಪುಟ್ಟ ಪುಟ್ಟ ಡಬ್ಬಿ, ಒಳಗೆ ಏನೋ ಅಂಕಿ. ಒಂದು ಟ್ಯುಟೋರಿಯಲ್ ನೋಡಿ ಎರಡೂ ಕಡೆ ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓದೋ ಫೈಲು) ಎಲ್‌ಸಿ_ಆಲ್ ಅನ್ನೋ ಲೊಕೇಲ್ ವೇರಿಯಬಲ್‌ನ ಇಎನ್_ಯುಎಸ್.ಯುಟಿಎಫ್-8 ಅಂತ ಎಕ್ಸ್‌ಪೋರ್ಟ್ ಮಾಡ್ದೆ, ಅವತ್ತಿಂದ ಸರ್ವರ್‌ಗೆ ಲಾಗಿನ್ ಆದಾಗೆಲ್ಲ ಲೊಕೇಲ್ ಬದಲಾಯಿಸೋಕೆ ಆಗ್ಲಿಲ್ಲ ಅಂತ ವಾರ್ನಿಂಗ್ ಬರ್ತಿದೆ, ಏಪಿಟಿ ಓಡಿಸಿದ್ರೆ ಪರ್ಲ್ ಕೂಡ ಉದ್ದಕ್ಕೆ ಬೈಯುತ್ತೆ. ಫೈಲ್‌ಗಳು ಹಾಳಾಗಿಬಿಟ್ವಾ ಅನ್ನೋದೇ ನನಗೆ ಭಯ. ಬ್ಯಾಕಪ್ ಇದೆ ಆದ್ರೆ ಅದೂ ಅದೇ ಸರ್ವರ್‌ನಿಂದ ತೆಗೆದಿದ್ದು.

ವೇಗದೂತ:

ಡಬ್ಬಿ ಬರ್ತಿದೆ ಅಂದ್ರೆ ಫಾಂಟ್ ಇಲ್ಲ ಅಷ್ಟೇ ಬ್ರೋ. ಸರ್ವರ್ ಮೇಲೆ ನೋಟೋ ಫಾಂಟ್ ಹಾಕಿ ರೀಬೂಟ್ ಮಾಡಿ, ಎಲ್ಲಾ ಸರಿ ಹೋಗುತ್ತೆ.

ಬೈಟ್_ಎಣಿಕೆ:

ವೇಗದೂತ ಅವರೇ, ದಯವಿಟ್ಟು ಸರ್ವರ್‌ಗೆ ಫಾಂಟ್ ಹಾಕಿಸ್ಬೇಡಿ. ಎಸ್‌ಎಸ್‌ಎಚ್‌ನಲ್ಲಿ ಸರ್ವರ್ ಕಳ್ಸೋದು ಬರೀ ಬೈಟ್‌ಗಳು, ಅಕ್ಷರ ಬರೆಯೋ ಕೆಲಸ ಪೂರ್ತಿ ನಮ್ಮ ಕಡೆ ಟರ್ಮಿನಲ್‌ದು. ಸರ್ವರ್ ಮೇಲೆ ಒಂದು ಫಾಂಟ್ ಕೂಡ ಇಲ್ಲದೇ ಇದ್ರೂ ಕನ್ನಡ ಚೆನ್ನಾಗೇ ಕಾಣುತ್ತೆ.

ಹೊಸ_ಶೆಲ್ ಅವರೇ, ಮೊದಲು ನಿಮ್ಮ ಭಯಕ್ಕೆ ಉತ್ತರ: ಫೈಲ್ ಹೆಸರು ಹಾಳಾಗಿಲ್ಲ. ನೀವು ಪೇಸ್ಟ್ ಮಾಡಿರೋದನ್ನೇ ಓದಿ ತೋರಿಸ್ತೀನಿ. ಅವು ಆಕ್ಟಲ್, ಅಂದ್ರೆ ಎಂಟರ ಲೆಕ್ಕದ ಅಂಕಿಗಳು, ಒಂದೊಂದು ಗುಂಪು ಒಂದು ಬೈಟ್. ಕನ್ನಡದ ಬ್ಲಾಕ್ ಯೂನಿಕೋಡ್‌ನಲ್ಲಿ 0ಸಿ80ಯಿಂದ 0ಸಿಎಫ್ಎಫ್ ತನಕ ಇದೆ, ಅದರಲ್ಲಿರೋ ಪ್ರತಿಯೊಂದೂ ಯುಟಿಎಫ್-8ನಲ್ಲಿ (ಯೂನಿಕೋಡ್ ಅಕ್ಷರನ ಬೈಟ್ ಆಗಿ ಬರೆಯೋ ಪದ್ಧತಿ) ಮೂರು ಬೈಟ್ ತಗೊಳ್ಳುತ್ತೆ, ಶುರು ಯಾವಾಗ್ಲೂ 340 262 ಇಲ್ಲಾ 340 263. ನಿಮ್ಮದ್ರಲ್ಲಿ ಮೊದಲ ಮೂರು, 340 262 225, ಅದು ಕ. ಆಮೇಲೆ 340 262 250, ಅದು ನ. 340 263 215 ಹಲಂತ. ಮತ್ತೆ ನ, ಕೊನೆಗೆ 340 262 241 ಅಂದ್ರೆ ಡ. ಸೇರಿಸಿ ಓದಿದ್ರೆ "ಕನ್ನಡ". ಒಂದು ಬೈಟ್ ಕೂಡ ಆಚೆ ಈಚೆ ಆಗಿಲ್ಲ. ಎಲ್‌ಎಸ್‌ಗೆ ಈ ಬೈಟ್‌ಗಳು ಅಕ್ಷರ ಅಂತ ಗೊತ್ತಾಗ್ತಿಲ್ಲ, ಅದಕ್ಕೇ ಎಸ್ಕೇಪ್ ಮಾಡಿ ತೋರಿಸ್ತಿದೆ. ಎಲ್‌ಎಸ್ ಇರೋ ಪ್ಯಾಕೇಜ್ ಕೋರ್‌ಯುಟಿಲ್ಸ್, 2016ರಲ್ಲಿ ಬಂದ ಅದರ 8.25ರಿಂದ ಟರ್ಮಿನಲ್ ಮೇಲೆ ಎಲ್‌ಎಸ್ ಹಿಂಗೇ ಕೋಟ್ ಹಾಕಿ ತೋರಿಸೋದು. ಅದಕ್ಕೂ ಹಿಂದೆ ಬರೀ ಪ್ರಶ್ನೆ ಚಿಹ್ನೆ ಸಾಲಾಗಿ ಬರ್ತಿತ್ತು, ಆಗ ಹಿಂಗೆ ಓದೋಕೂ ಆಗ್ತಿರ್ಲಿಲ್ಲ.

ನಿಮ್ಮದು ಒಂದು ತೊಂದ್ರೆ ಅಲ್ಲ, ಎರಡು, ಎರಡಕ್ಕೂ ಸಂಬಂಧ ಇಲ್ಲ. ಎಲ್ಲರೂ ಎಡವೋದು ಇಲ್ಲೇ, ಕನ್ನಡ ಕಾಣ್ತಿಲ್ಲ ಅಂದ ತಕ್ಷಣ ಲೊಕೇಲ್‌ಗೆ ಕೈ ಹಾಕ್ತಾರೆ. ಹೆಂಗೆ ಕೆಟ್ಟು ಕಾಣ್ತಿದೆ ಅನ್ನೋದನ್ನ ಮೊದಲು ನೋಡಿ, ಎಲ್ಲಿ ಕೆಟ್ಟಿದೆ ಅಂತ ಅದೇ ಹೇಳುತ್ತೆ. ಡಬ್ಬಿ, ಅದರಲ್ಲೂ ಒಳಗೆ ಅಂಕಿ ಇರೋ ಡಬ್ಬಿ ಬಂದ್ರೆ ಅಕ್ಷರ ಯಾವುದು ಅಂತ ಪ್ರೋಗ್ರಾಮ್‌ಗೆ ಗೊತ್ತಾಗಿದೆ, ಬರೆಯೋಕೆ ಫಾಂಟ್ ಇಲ್ಲ ಅಂತ. ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಬಂದ್ರೆ ಬೈಟ್‌ಗಳನ್ನ ಅಕ್ಷರವಾಗಿ ಓದೋಕೇ ಆಗಿಲ್ಲ. ತಲೆ ಮೇಲೆ ಓರೆ ಗೀಟಿರೋ ಸಣ್ಣ ಎ, ಪಕ್ಕದಲ್ಲಿ ಮೇಲಕ್ಕೆ ಹತ್ತಿದ ಪುಟ್ಟ 2, ಇದೇ ಜೋಡಿ ಮತ್ತೆ ಮತ್ತೆ ಬಂದ್ರೆ ಯುಟಿಎಫ್-8 ಬೈಟ್‌ಗಳನ್ನ ಯಾರೋ ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೇ ಎನ್‌ಕೋಡಿಂಗ್) ಅಂದ್ಕೊಂಡು ಓದಿದಾರೆ. ನಿಮ್ಮ ಥರ ಆಕ್ಟಲ್ ಬಂದ್ರೆ ಲೊಕೇಲ್ "ಸಿ" (ಕನ್ನಡ ತಿಳಿಯದ ಮೂಲ ಲೊಕೇಲ್) ಆಗಿ ಕೂತಿದೆ. ಅಕ್ಷರ ಬಂದಿದೆ ಆದ್ರೆ ಒತ್ತು ಕೆಳಗೆ ಹೋಗ್ತಿಲ್ಲ ಅಂದ್ರೆ ಅಕ್ಷರ ಜೋಡಣೆದು, ಫಾಂಟ್‌ದೂ ಅಲ್ಲ ಲೊಕೇಲ್‌ದೂ ಅಲ್ಲ.

ಸರ್ವರ್ ಮೇಲೆ ಎರಡು ಕಮಾಂಡ್ ಓಡಿಸಿ ಇಲ್ಲಿ ಹಾಕಿ: ಬರೀ ಲೊಕೇಲ್, ಆಮೇಲೆ ಲೊಕೇಲ್ -ಎ. ಇನ್ನೊಂದು ಪರೀಕ್ಷೆನೂ ಮಾಡಿ, ಪ್ರಿಂಟ್‌ಎಫ್‌ನಿಂದ ಕನ್ನಡ ಅನ್ನೋ ಪದನ ಅಕ್ಷರ ಎಣಿಸೋ ಡಬ್ಲ್ಯುಸಿ -ಎಮ್‌ಗೆ ಪೈಪ್ ಮಾಡಿ. ಎಕೋ ಬೇಡ, ಅದು ಕೊನೆಗೆ ಹೊಸ ಸಾಲು ಸೇರಿಸಿ ಲೆಕ್ಕ ಒಂದು ಜಾಸ್ತಿ ಮಾಡುತ್ತೆ. ಕಣ್ಣಿಗೆ ಮೂರಕ್ಷರ, ಒಳಗೆ ಐದು ಕೋಡ್ ಪಾಯಿಂಟ್ (ಯೂನಿಕೋಡ್ ಕೊಟ್ಟಿರೋ ಸಂಖ್ಯೆ), ಹದಿನೈದು ಬೈಟ್. 5 ಬಂದ್ರೆ ಲೊಕೇಲ್ ಸರಿ ಇದೆ, 15 ಬಂದ್ರೆ ಇಲ್ಲ.

ಹೊಸ_ಶೆಲ್:

ಹೆಸರು ಓದಿ ತೋರಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್, ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಾಯ್ತು. ಸರ್ವರ್ ಮೇಲೆ 15 ಬಂತು. ಲೊಕೇಲ್ ಕೊಟ್ರೆ ಮೇಲೆ ಎಲ್‌ಸಿ_ಸಿಟೈಪ್ ಸೆಟ್ ಮಾಡೋಕೆ ಆಗ್ತಿಲ್ಲ, ಅಂಥ ಫೈಲ್ ಇಲ್ಲ ಅಂತ ಬರುತ್ತೆ, ಕೆಳಗೆ ಎಲ್ಲಾ ಇಎನ್_ಯುಎಸ್.ಯುಟಿಎಫ್-8 ಅಂತಾನೇ ತೋರಿಸ್ತಿದೆ. ಲೊಕೇಲ್ -ಎ ಕೊಟ್ರೆ ಮೂರೇ ಬಂತು: ಸಿ, ಸಿ.ಯುಟಿಎಫ್8, ಪೋಸಿಕ್ಸ್. ನನಗೆ ಅರ್ಥ ಆಗದೇ ಇರೋದು ಏನಂದ್ರೆ, ಯುಟಿಎಫ್-8 ಅಂತ ಅಲ್ಲೇ ಬರ್ದಿದೆಯಲ್ಲ, ಮತ್ತೆ ಯಾಕೆ ಕೆಲಸ ಮಾಡ್ತಿಲ್ಲ?

ಬೈಟ್_ಎಣಿಕೆ:

ಯಾಕಂದ್ರೆ ನೀವು ಕೇಳಿದ್ದನ್ನೇ ಅದು ನಿಮಗೆ ವಾಪಸ್ ಹೇಳ್ತಿದೆ ಅಷ್ಟೇ. ಲೊಕೇಲ್ ಕಮಾಂಡ್ ತೋರಿಸೋದು ವೇರಿಯಬಲ್‌ನಲ್ಲಿ ಏನು ಬರ್ದಿದೆ ಅಂತ, ಆ ಲೊಕೇಲ್ ಮಷೀನ್ ಮೇಲೆ ಇದೆಯಾ ಅನ್ನೋದಕ್ಕೆ -ಎ ನೋಡ್ಬೇಕು. ಇಎನ್_ಯುಎಸ್ ಆ ಪಟ್ಟಿಯಲ್ಲೇ ಇಲ್ಲ, ಅಂದ್ರೆ ಸರ್ವರ್‌ನಲ್ಲಿ ಅದನ್ನ ಜನರೇಟ್ ಮಾಡಿಲ್ಲ. ಇಲ್ಲದಿರೋ ಲೊಕೇಲ್ ಕೇಳಿದ್ರೆ ಪ್ರೋಗ್ರಾಮ್‌ಗಳು ಸುಮ್ಮನೆ ಸಿ ಲೊಕೇಲ್‌ಗೆ ಇಳಿದುಬಿಡ್ತವೆ, ಸಿ ಲೊಕೇಲ್‌ಗೆ ಆಸ್ಕಿ, ಅಂದ್ರೆ ಇಂಗ್ಲಿಷ್ ಅಕ್ಷರ ಅಂಕಿ ಚಿಹ್ನೆ ಬಿಟ್ಟು ಬೇರೆ ಏನೂ ತಿಳಿಯಲ್ಲ.

ಇನ್ನೊಂದು ಗಮನಿಸಿ, ಆ ಔಟ್‌ಪುಟ್‌ನಲ್ಲಿ ಕೆಲವು ಸಾಲು ಡಬಲ್ ಕೋಟ್ ಒಳಗೆ ಇರ್ತವೆ, ಕೆಲವು ಇರಲ್ಲ. ಕೋಟ್ ಇಲ್ಲದ್ದು ಯಾರೋ ನೇರವಾಗಿ ಸೆಟ್ ಮಾಡಿರೋದು. ಕೋಟ್ ಇರೋದು ಬೇರೆ ಕಡೆಯಿಂದ, ಲ್ಯಾಂಗ್‌ನಿಂದಲೋ ಎಲ್‌ಸಿ_ಆಲ್‌ನಿಂದಲೋ ಇಳಿದು ಬಂದಿದ್ದು. ಯಾವ ವೇರಿಯಬಲ್ ಎಲ್ಲರ ಮೇಲೂ ಕೂತಿದೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಬ್ಯಾಶ್‌ಆರ್‌ಸಿಯಿಂದ ಎಲ್‌ಸಿ_ಆಲ್ ಸಾಲು ತೆಗೀರಿ. ಎಲ್ಲಕ್ಕಿಂತ ಮೇಲೆ ಎಲ್‌ಸಿ_ಆಲ್, ಅದರ ಕೆಳಗೆ ಎಲ್‌ಸಿ_ಸಿಟೈಪ್ ಎಲ್‌ಸಿ_ಟೈಮ್ ಥರದ ಬಿಡಿಬಿಡಿ ವೇರಿಯಬಲ್‌ಗಳು, ಏನೂ ಇಲ್ಲದಿದ್ರೆ ಲ್ಯಾಂಗ್. ಎಲ್‌ಸಿ_ಆಲ್ ಇರೋತನಕ ಕೆಳಗೆ ಏನು ಬದಲಾಯಿಸಿದ್ರೂ ಲೆಕ್ಕಕ್ಕೇ ಬರಲ್ಲ, ನೀವು ಮೂರು ದಿನ ಸುತ್ತಿದ್ದು ಇದೇ ಕಾರಣಕ್ಕೆ. ಅದು ಇರೋದು ಒಂದು ಸಲ ಪರೀಕ್ಷೆ ಮಾಡೋಕೆ, ಒಂದು ಕಮಾಂಡ್ ಮುಂದೆ ಹಾಕಿ ನೋಡೋಕೆ. ಖಾಯಂ ಆಗಿ ಇಡೋದಲ್ಲ.

ಆಮೇಲೆ ರೂಟ್ ಆಗಿ ಅಪ್‌ಡೇಟ್-ಲೊಕೇಲ್ ಕಮಾಂಡ್‌ಗೆ ಲ್ಯಾಂಗ್=ಸಿ.ಯುಟಿಎಫ್-8 ಅಂತ ಕೊಡಿ, ಅದು /ಇಟಿಸಿ/ಡೀಫಾಲ್ಟ್/ಲೊಕೇಲ್ ಫೈಲ್‌ಗೆ ಬರ್ಕೊಳ್ಳುತ್ತೆ. ಸಿ.ಯುಟಿಎಫ್-8 ಡೆಬಿಯನ್‌ನಲ್ಲಿ ಮೊದಲಿಂದ ಇದೆ, ಜನರೇಟ್ ಮಾಡೋ ಕೆಲಸನೂ ಇಲ್ಲ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯ ಮೂಲಕ್ಕೆ ಅದು ಸೇರಿದ್ದು 2022ರಲ್ಲಿ, 2.35 ಆವೃತ್ತಿಯಲ್ಲಿ. ಲಾಗ್ಔಟ್ ಮಾಡಿ ಮತ್ತೆ ಬನ್ನಿ, ಓಡ್ತಾ ಇರೋ ಶೆಲ್‌ಗೆ ಹೊಸದು ಗೊತ್ತಾಗಲ್ಲ.

ಕನ್ನಡ_ಮೊದಲು:

ಯಾಕೆ ಸಿ.ಯುಟಿಎಫ್-8? ಕನ್ನಡದ ಫೈಲ್, ಕನ್ನಡದವರ ಸರ್ವರ್, ಕನ್ನಡದ ಲೊಕೇಲ್ ಕೆಎನ್_ಐಎನ್ ಹಾಕಲಿ. ನಮ್ಮ ಭಾಷೆಗೆ ಲೊಕೇಲ್ ಇದ್ದೂ ನಾವೇ ಬಳಸದಿದ್ರೆ ಅದರಲ್ಲಿ ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ, ಸರಿ ಮಾಡೋರೂ ಇರಲ್ಲ. ನಾನು ಡೆಸ್ಕ್‌ಟಾಪ್‌ನಲ್ಲಿ ವರ್ಷಗಟ್ಟಲೆಯಿಂದ ಅದನ್ನೇ ಇಟ್ಟಿದೀನಿ. ಹಾಕೋರಿಗೆ ಒಂದು ಮಾತು: /ಇಟಿಸಿ/ಲೊಕೇಲ್.ಜೆನ್ ಫೈಲ್‌ನಲ್ಲಿ ಕೆಎನ್_ಐಎನ್.ಯುಟಿಎಫ್-8 ಅಂತ ಹುಡುಕ್ಬೇಡಿ, ಸಿಗಲ್ಲ. ಅಲ್ಲಿರೋ ಸಾಲು "ಕೆಎನ್_ಐಎನ್ ಯುಟಿಎಫ್-8", ನಡುವೆ ಚುಕ್ಕಿ ಇಲ್ಲ, ಜಾಗ ಇದೆ. ಕನ್ನಡಕ್ಕೆ ಶುರುವಿಂದಲೂ ಯುಟಿಎಫ್-8 ಒಂದೇ ಇದ್ದಿದ್ದು, ಅದಕ್ಕೇ ಹೆಸರಲ್ಲಿ ಬೇರೆಯಾಗಿ ಹೇಳೋ ಅವಶ್ಯಕತೆ ಬರ್ಲಿಲ್ಲ. ಎಷ್ಟೋ ಜನ ಆ ಸಾಲು ಸಿಗದೆ ಕನ್ನಡಕ್ಕೆ ಸಪೋರ್ಟೇ ಇಲ್ಲ ಅಂತ ಬಿಟ್ಟುಬಿಟ್ಟಿದಾರೆ. ಆ ಸಾಲಿನ ಮುಂದಿರೋ ಹ್ಯಾಶ್ ತೆಗೆದು ಲೊಕೇಲ್-ಜೆನ್ ಓಡಿಸಿದ್ರೆ ಆಯ್ತು. ಫೆಡೋರಾದಲ್ಲಾದ್ರೆ ಗ್ಲಿಬ್‌ಸಿ-ಲ್ಯಾಂಗ್‌ಪ್ಯಾಕ್-ಕೆಎನ್ ಹಾಕ್ಬೇಕು.

ಬೈಟ್_ಎಣಿಕೆ:

ಡೆಸ್ಕ್‌ಟಾಪ್‌ಗೆ ಖಂಡಿತ ಹಾಕ್ಬೇಕು, ನಿಮ್ಮ ಮಾತು ನೂರಕ್ಕೆ ನೂರು ಒಪ್ತೀನಿ. ಸರ್ವರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅಲ್ಲಿ ದಿನಾಂಕ, ವಾರದ ಹೆಸರು, ಎರರ್ ಮೆಸೇಜು ಇದನ್ನೆಲ್ಲ ಇನ್ನೊಂದು ಸ್ಕ್ರಿಪ್ಟ್ ಓದ್ತಾ ಇರುತ್ತೆ. ಡೇಟ್ ಕಮಾಂಡ್ ತಿಂಗಳ ಹೆಸರನ್ನ ಕನ್ನಡದಲ್ಲಿ ಕೊಟ್ಟ ದಿನ ಯಾವುದೋ ಹಳೇ ಲಾಗ್ ಸ್ಕ್ರಿಪ್ಟ್ ಸದ್ದಿಲ್ಲದೆ ನಿಲ್ಲುತ್ತೆ, ಕಾರಣ ಹುಡುಕೋದು ಬಹಳ ಕಷ್ಟ. ಕನ್ನಡ ಅಕ್ಷರ ಕಾಣೋಕೆ ಬೇಕಿರೋದು ಎಲ್‌ಸಿ_ಸಿಟೈಪ್ ಯುಟಿಎಫ್-8 ಆಗಿರೋದು ಮಾತ್ರ, ಕನ್ನಡ ಲೊಕೇಲೇ ಆಗ್ಬೇಕು ಅಂತಿಲ್ಲ.

ಆದ್ರೆ ಸಿ.ಯುಟಿಎಫ್-8ನಲ್ಲಿ ಒಂದು ಕೊರತೆ ಇದೆ, ಅದನ್ನೂ ಹೇಳ್ಬೇಕು. ಅಕಾರಾದಿ ವಿಂಗಡಣೆ ಅಲ್ಲಿ ಬರೀ ಕೋಡ್ ಪಾಯಿಂಟ್ ಕ್ರಮದಲ್ಲಿ ನಡೆಯುತ್ತೆ. ನಮ್ಮ ವರ್ಣಮಾಲೆಯಲ್ಲಿ ಳ ಬರೋದು ಹ ಆದಮೇಲೆ, ಯೂನಿಕೋಡ್‌ನಲ್ಲಿ ಳ ಕೂತಿರೋದು ಲ ಪಕ್ಕ, ವ ಗಿಂತ ಮುಂಚೆ. ಹಂಗಾಗಿ ಸಾರ್ಟ್ ಮಾಡಿದ್ರೆ "ಹಳೆಯದು" ಅನ್ನೋದು "ಹವಾಮಾನ"ಕ್ಕಿಂತ ಮೇಲೆ ಬಂದು ಕೂರುತ್ತೆ. ಫೈಲ್ ಪಟ್ಟಿ ನೋಡೋಕೆ ತೊಂದ್ರೆ ಇಲ್ಲ, ನಿಘಂಟು ಥರ ಏನಾದ್ರೂ ಮಾಡೋರು ಇದನ್ನ ತಲೆಯಲ್ಲಿ ಇಟ್ಕೊಳ್ಳಿ.

ಕಪ್ಪುಪರದೆ:

ಕನ್ನಡ_ಮೊದಲು ಅವರು ಹೇಳಿದ್ದು ಕೇಳಿ ನಾನೂ ಇವತ್ತೇ ಇಡೀ ಸಿಸ್ಟಮ್‌ಗೆ ಕೆಎನ್_ಐಎನ್ ಹಾಕ್ದೆ. ಡೆಸ್ಕ್‌ಟಾಪ್ ಚೆನ್ನಾಗಿದೆ, ನಿಜಕ್ಕೂ ಖುಷಿ ಆಯ್ತು. ಆದ್ರೆ ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಟಿಟಿವೈಗೆ (ಗ್ರಾಫಿಕ್ಸ್ ಇಲ್ಲದ ಕನ್ಸೋಲ್) ಹೋದ್ರೆ ಮೆಸೇಜ್‌ಗಳೆಲ್ಲ ಬರೀ ಬಿಳಿ ಚೌಕ, ಒಂದಕ್ಷರ ಓದೋಕಾಗಲ್ಲ. ಗ್ರಾಫಿಕ್ಸ್ ಕೈ ಕೊಟ್ಟ ದಿನ ಅಲ್ಲೇ ಹೋಗಿ ಸರಿ ಮಾಡ್ಬೇಕಲ್ಲ, ಆಗೇನ್ ಮಾಡೋದು?

ಕನ್ನಡ_ಮೊದಲು:

ಅದನ್ನ ನಾನು ಮೊದಲೇ ಹೇಳ್ಬೇಕಿತ್ತು, ಕ್ಷಮಿಸಿ. ಕರ್ನಲ್ ಕನ್ಸೋಲ್‌ನ ಫಾಂಟ್‌ನಲ್ಲಿ ಹೆಚ್ಚೆಂದ್ರೆ 512 ಚಿತ್ರಕ್ಕೆ ಜಾಗ ಇರೋದು, ಅದರ ಮೇಲೆ ಒಂದು ಚೌಕದಲ್ಲಿ ಒಂದೇ ಚಿತ್ರ, ಒತ್ತು ಗುಣಿತ ಜೋಡಿಸೋ ವ್ಯವಸ್ಥೆ ಅಲ್ಲಿಲ್ಲ. ಯಾವ ಸೆಟ್ಟಿಂಗ್ ಮುಟ್ಟಿದ್ರೂ ಅಲ್ಲಿ ಕನ್ನಡ ಬರಲ್ಲ. ನಾನು ಮಾಡಿರೋದು ಇಷ್ಟು: ಮನೆ ಡೈರೆಕ್ಟರಿಯ ಪ್ರೊಫೈಲ್ ಫೈಲ್‌ನಲ್ಲಿ, ಟರ್ಮ್ ವೇರಿಯಬಲ್ "ಲಿನಕ್ಸ್" ಅಂತ ಇದ್ರೆ ಲ್ಯಾಂಗ್ ಅನ್ನ ಸಿ.ಯುಟಿಎಫ್-8 ಮಾಡು, ಲ್ಯಾಂಗ್ವೇಜ್ ವೇರಿಯಬಲ್ ಅನ್‌ಸೆಟ್ ಮಾಡು ಅಂತ ಒಂದು ಇಫ್ ಬರ್ದಿದೀನಿ. ಟಿಟಿವೈನಲ್ಲಿ ಇಂಗ್ಲಿಷು, ಗ್ರಾಫಿಕ್ಸ್‌ನಲ್ಲಿ ಕನ್ನಡ. ಎರಡನೇದನ್ನ ಮರೀಬೇಡಿ, ಲ್ಯಾಂಗ್ವೇಜ್ ಅನ್ನೋದು ಮೆಸೇಜ್ ಯಾವ ಭಾಷೆಯಲ್ಲಿ ಬರ್ಬೇಕು ಅನ್ನೋ ಆದ್ಯತೆ ಪಟ್ಟಿ, ಅದು ಉಳ್ಕೊಂಡ್ರೆ ಲ್ಯಾಂಗ್ ಬದಲಾದ್ರೂ ಮೆಸೇಜ್ ಕನ್ನಡದಲ್ಲೇ ಬರೋ ಸಾಧ್ಯತೆ ಇದೆ.

ಹೊಸ_ಶೆಲ್:

ಸರ್ವರ್‌ನಲ್ಲಿ ಬ್ಯಾಶ್‌ಆರ್‌ಸಿ ಸಾಲು ತೆಗೆದೆ, /ಇಟಿಸಿ/ಡೀಫಾಲ್ಟ್/ಲೊಕೇಲ್ ತೆಗೆದು ನೋಡಿದ್ರೆ ಸಿ.ಯುಟಿಎಫ್-8 ಅಂತಾನೇ ಇದೆ, ಲಾಗ್ಔಟ್ ಆಗಿ ಬಂದೆ. ಆದ್ರೂ ಅದೇ ವಾರ್ನಿಂಗ್! ಲೊಕೇಲ್ ಕೊಟ್ರೆ ಎಲ್‌ಸಿ_ಆಲ್ ಮತ್ತೆ ಇಎನ್_ಯುಎಸ್. ಇಡೀ /ಇಟಿಸಿ ಗ್ರೆಪ್ ಮಾಡ್ದೆ, ಹೋಮ್ ಗ್ರೆಪ್ ಮಾಡ್ದೆ, ಎಲ್ಲೂ ಇಲ್ಲ. ರೀಬೂಟ್ ಕೂಡ ಮಾಡಿದೆ. ಎಲ್ಲಿಂದ ಬರ್ತಿದೆ ಇದು?

ಕೊಂಡಿ_ಕಳಚಿ:

ಸರ್ವರ್‌ನಲ್ಲಿ ಹುಡುಕಿದ್ರೆ ಸಿಗಲ್ಲ ಸರ್, ಅದು ನಿಮ್ಮ ಡೆಸ್ಕ್‌ಟಾಪ್‌ನಿಂದ ನಿಮ್ಮ ಜೊತೆನೇ ಹೋಗ್ತಿದೆ. ಡೆಬಿಯನ್‌ನಲ್ಲಿ ಎಸ್‌ಎಸ್‌ಎಚ್ ಕ್ಲೈಂಟ್‌ನ ಕಾನ್ಫಿಗ್‌ನಲ್ಲಿ ಸೆಂಡ್‌ಎನ್ವ್ ಅಂತ ಒಂದು ಸಾಲು ಇರುತ್ತೆ, ಲ್ಯಾಂಗ್ ಮತ್ತು ಎಲ್‌ಸಿ_ ಇಂದ ಶುರುವಾಗೋ ಎಲ್ಲ ವೇರಿಯಬಲ್ ಕಳ್ಸು ಅಂತ. ಸರ್ವರ್ ಕಡೆ ಅದಕ್ಕೆ ಸರಿಯಾಗಿ ಆಕ್ಸೆಪ್ಟ್‌ಎನ್ವ್ ಇರುತ್ತೆ. ಡೆಸ್ಕ್‌ಟಾಪ್‌ನ ಬ್ಯಾಶ್‌ಆರ್‌ಸಿಯಲ್ಲೂ ಎಲ್‌ಸಿ_ಆಲ್ ಹಾಕಿದೀನಿ ಅಂತ ಮೊದಲ ಪೋಸ್ಟ್‌ನಲ್ಲಿ ನೀವೇ ಬರ್ದಿದೀರಿ. ಅಲ್ಲಿ ಇಎನ್_ಯುಎಸ್ ಜನರೇಟ್ ಆಗಿದೆ, ಅದಕ್ಕೆ ಅಲ್ಲಿ ಸುಮ್ಮನಿದೆ. ಸರ್ವರ್‌ಗೆ ಹೋದ ತಕ್ಷಣ ಇಲ್ಲದಿರೋ ಲೊಕೇಲ್ ಆಗುತ್ತೆ.

ಖಾತ್ರಿ ಮಾಡ್ಕೊಳ್ಳೋಕೆ ಡೆಸ್ಕ್‌ಟಾಪ್‌ನಿಂದ ಎಲ್‌ಸಿ_ಆಲ್=ಸಿ.ಯುಟಿಎಫ್-8 ಅಂತ ಎಸ್‌ಎಸ್‌ಎಚ್ ಕಮಾಂಡ್ ಮುಂದೆನೇ ಹಾಕಿ ಲಾಗಿನ್ ಆಗಿ. ವಾರ್ನಿಂಗ್ ಬರ್ಲಿಲ್ಲ ಅಂದ್ರೆ ಇದೇ. ಎಸ್‌ಎಸ್‌ಎಚ್‌ಗೆ -ವಿ ಕೊಟ್ರೂ ಏನೇನು ಕಳ್ಸ್ತಿದೆ ಅಂತ ಸಾಲು ಸಾಲಾಗಿ ತೋರಿಸುತ್ತೆ. ನಾನು ಇದೇ ತಪ್ಪಿಗೆ ಒಂದು ಇಡೀ ರಾತ್ರಿ ಸರ್ವರ್ ಮೇಲೆ ಲೊಕೇಲ್ ಪ್ಯಾಕೇಜ್ ತೆಗೆದು ಹಾಕಿ ತೆಗೆದು ಹಾಕಿ ಮಾಡಿದ್ದೆ, ನಿಮ್ಮ ಕಷ್ಟ ಚೆನ್ನಾಗಿ ಅರ್ಥ ಆಗುತ್ತೆ. ಮ್ಯಾಕ್‌ನಿಂದ ಲಾಗಿನ್ ಆಗೋರಿಗೂ ಇದೇ ಕಥೆ, ಅಲ್ಲಿಂದ ಎಲ್‌ಸಿ_ಸಿಟೈಪ್ ಬರೀ "ಯುಟಿಎಫ್-8" ಅಂತ ಬರುತ್ತೆ, ಲಿನಕ್ಸ್‌ನಲ್ಲಿ ಆ ಹೆಸರಿನ ಲೊಕೇಲೇ ಇಲ್ಲ.

ಮುಂದಕ್ಕೆ ಉಪಯೋಗ ಆಗೋ ಒಂದು ವಿಷಯ: ಯಾವುದಾದ್ರೂ ಪ್ರೋಗ್ರಾಮ್ ನಿಜವಾಗ್ಲೂ ಯಾವ ಲೊಕೇಲ್ ಕೇಳ್ಕೊಂಡು ಶುರುವಾಗಿದೆ ಅಂತ ತಿಳೀಬೇಕಿದ್ರೆ ಅದರ ಪಿಐಡಿ (ಪ್ರೋಸೆಸ್ ನಂಬರ್) ಹಿಡಿದು /ಪ್ರಾಕ್ ಒಳಗೆ ಎನ್ವಿರಾನ್ ಅನ್ನೋ ಫೈಲ್ ನೋಡಿ. ನಮ್ಮ ಶೆಲ್‌ನಲ್ಲಿ ಇರೋದು ಒಂದು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಕ್ರಾನ್‌ನಿಂದ ಓಡೋದಕ್ಕೆ ಸಿಗೋದು ಇನ್ನೊಂದು, ಕ್ರಾನ್ ನಮ್ಮ ಬ್ಯಾಶ್‌ಆರ್‌ಸಿ ಓದೋದೇ ಇಲ್ಲ.

ಹೊಸ_ಶೆಲ್:

ಅಯ್ಯೋ, ಅದೇ! ಡೆಸ್ಕ್‌ಟಾಪ್‌ನಲ್ಲಿ ಆ ಸಾಲು ತೆಗೆದು ಹೊಸ ಟರ್ಮಿನಲ್ ತೆಗೆದು ಲಾಗಿನ್ ಆದೆ, ಒಂದು ವಾರ್ನಿಂಗ್ ಇಲ್ಲ, ಡಬ್ಲ್ಯುಸಿ 5 ತೋರಿಸ್ತಿದೆ. ಎಲ್‌ಎಸ್‌ನಲ್ಲಿ ಈಗ ಆಕ್ಟಲ್ ಹೋಗಿ ಡಬ್ಬಿ ಬರ್ತಿದೆ. ಡಬ್ಬಿ ಬಂದಿದ್ದಕ್ಕೆ ಇಷ್ಟು ಖುಷಿ ಆಗುತ್ತೆ ಅಂದ್ಕೊಂಡಿರ್ಲಿಲ್ಲ, ಇನ್ನು ಉಳಿದಿರೋದು ಫಾಂಟ್ ಅಂತ ಈಗ ನನಗೇ ಗೊತ್ತಾಗ್ತಿದೆ.

ಅಚ್ಚುಮೊಳೆ:

ಫಾಂಟ್ ವಿಷಯ ನಾನು ಹೇಳ್ತೀನಿ. ಮೊದಲು ಡೆಸ್ಕ್‌ಟಾಪ್‌ನಲ್ಲಿ ಎಫ್‌ಸಿ-ಲಿಸ್ಟ್‌ಗೆ :ಲ್ಯಾಂಗ್=ಕೆಎನ್ ಅಂತ ಕೊಡಿ. ಏನೂ ಬರದೆ ಖಾಲಿ ವಾಪಸ್ ಬಂದ್ರೆ ಕನ್ನಡ ಅಕ್ಷರ ಇರೋ ಒಂದು ಫಾಂಟೂ ಸಿಸ್ಟಮ್‌ನಲ್ಲಿ ಇಲ್ಲ. ಮೌಸ್‌ಪ್ಯಾಡ್‌ನ ಆ ಡಬ್ಬಿನ ಝೂಮ್ ಮಾಡಿ ನೋಡಿ, ಎರಡು ಸಾಲಲ್ಲಿ ನಾಲ್ಕು ಅಂಕಿ ಇರುತ್ತೆ, ಮೇಲೆ 0ಸಿ, ಕೆಳಗೆ 95. ಅದು ಕ ಅಕ್ಷರದ ಕೋಡ್. ಪ್ಯಾಂಗೋ ಲೈಬ್ರರಿ ಫಾಂಟ್ ಸಿಗದಿದ್ದಾಗ ಹಂಗೆ ಬರೆದು ತೋರಿಸುತ್ತೆ. ಇದೇ ಡಬ್ಬಿಗಳನ್ನ ಟೋಫು ಅಂತ ಕರೀತಾರೆ, ನೋಟೋ ಫಾಂಟ್‌ಗೆ ಹೆಸರು ಬಂದಿದ್ದೇ "ನೋ ಟೋಫು" ಇಂದ.

ಡೆಬಿಯನ್‌ನಲ್ಲಿ ಫಾಂಟ್ಸ್-ನೋಟೋ-ಕೋರ್ ಹಾಕಿದ್ರೆ ನೋಟೋ ಸಾನ್ಸ್ ಕನ್ನಡ ಅದರೊಳಗೇ ಬರುತ್ತೆ. ಬರೀ ಕನ್ನಡದ್ದೇ ಸಾಕು ಅಂದ್ರೆ ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಇದೆ, ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಇವೆ. ನನಗೆ ಉದ್ದುದ್ದ ಓದೋಕೆ ನವಿಲು ಇಷ್ಟ, ಕೈಬರಹದ ಗುಂಡಗಿನ ರೂಪ ಅದರಲ್ಲಿದೆ, ಅಪ್ಪನ ಡೈರಿಗೆ ಹಾಕಿ ನೋಡಿ. ಫಾಂಟ್ ಫೈಲನ್ನ ಎಲ್ಲಿಂದಲೋ ಇಳಿಸ್ಕೊಂಡಿದ್ರೆ ಹೋಮ್‌ನ .ಲೋಕಲ್/ಶೇರ್/ಫಾಂಟ್ಸ್ ಒಳಗೆ ಇಟ್ಟು ಎಫ್‌ಸಿ-ಕ್ಯಾಶ್ -ಎಫ್ ಓಡಿಸಿ. ಆಮೇಲೆ ಎಫ್‌ಸಿ-ಮ್ಯಾಚ್‌ಗೆ ಸಾನ್ಸ್:ಲ್ಯಾಂಗ್=ಕೆಎನ್ ಕೊಟ್ರೆ ಕನ್ನಡಕ್ಕೆ ಯಾವ ಫಾಂಟ್ ಆರಿಸ್ತಿದೆ ಅಂತ ಒಂದೇ ಸಾಲಲ್ಲಿ ಹೇಳುತ್ತೆ. ತೆಗೆದಿರೋ ಪ್ರೋಗ್ರಾಮ್‌ಗಳನ್ನ ಮುಚ್ಚಿ ತೆಗೀರಿ, ರೀಬೂಟ್ ಬೇಕಿಲ್ಲ.

ಹೊಸ_ಶೆಲ್:

ಲಿಸ್ಟ್ ಖಾಲಿನೇ ಇತ್ತು. ನೋಟೋ ಮತ್ತು ನವಿಲು ಎರಡೂ ಹಾಕ್ದೆ. ಮೌಸ್‌ಪ್ಯಾಡ್‌ನಲ್ಲಿ ಅಪ್ಪನ ಮೊದಲ ಪುಟ ಪೂರ್ತಿ ಕಾಣ್ತಿದೆ, ಒಂದಕ್ಷರ ಬಿಟ್ಟಿಲ್ಲ, ಸ್ವಲ್ಪ ಹೊತ್ತು ಸುಮ್ನೆ ಓದ್ತಾ ಕೂತುಬಿಟ್ಟೆ. ಆದ್ರೆ ಟರ್ಮಿನಲ್‌ನಲ್ಲಿ ಒತ್ತು ಕೂತ್ಕೊಳ್ತಿಲ್ಲ, "ಕನ್‌ನಡ" ಅಂತ ಬರುತ್ತೆ, ಕರ್ಸರ್ ಕೂಡ ಅಕ್ಷರಕ್ಕಿಂತ ಎಲ್ಲೋ ದೂರ ನಿಲ್ಲುತ್ತೆ. ಅದೇ ಫೈಲ್, ಅದೇ ಫಾಂಟ್, ಯಾಕೆ ಹಿಂಗೆ?

ಅಚ್ಚುಮೊಳೆ:

ಇದು ಕೆಟ್ಟಿರೋದಲ್ಲ, ಟರ್ಮಿನಲ್ ಕಟ್ಟಿರೋ ರೀತಿ ಅದು. ಎಡಿಟರ್‌ನಲ್ಲಿ ಪ್ಯಾಂಗೋ ಇಡೀ ಸಾಲನ್ನ ಅಕ್ಷರ ಜೋಡಿಸೋ ಹಾರ್ಫ್‌ಬಜ್ ಲೈಬ್ರರಿಗೆ ಕೊಡುತ್ತೆ, ಅದು ನ, ಹಲಂತ, ನ ಮೂರನ್ನೂ ಒಟ್ಟಿಗೆ ನೋಡಿ ಫಾಂಟ್‌ನಿಂದ ಒತ್ತಿನ ಆಕಾರ ತೆಗೆದು ಕೆಳಗೆ ಕೂರಿಸುತ್ತೆ. ಟರ್ಮಿನಲ್ ಅಂದ್ರೆ ಲೆಕ್ಕದ ಪುಸ್ತಕದ ಚೌಕಗಳ ಥರ, ಒಂದೊಂದು ಕೋಶ ಬೇರೆ. ಎಕ್ಸ್‌ಎಫ್‌ಸಿಇ ಟರ್ಮಿನಲ್ಲೂ ಗ್ನೋಮ್ ಟರ್ಮಿನಲ್ಲೂ ವಿಟಿಇ ಅನ್ನೋ ಒಂದೇ ಲೈಬ್ರರಿ ಮೇಲೆ ನಿಂತಿವೆ. ಅಲ್ಲಿ ನ ಮತ್ತು ಹಲಂತ ಒಂದು ಕೋಶಕ್ಕೆ ಹೋಗ್ತವೆ, ಮುಂದಿನ ನ ಇನ್ನೊಂದು ಕೋಶಕ್ಕೆ. ಎರಡು ಕೋಶ ಒಂದನ್ನೊಂದು ನೋಡಲ್ಲ, ಮತ್ತೆ ಒತ್ತು ಆಗೋದಾದ್ರೂ ಹೆಂಗೆ. ಕರ್ಸರ್ ದೂರ ನಿಲ್ಲೋದೂ ಅದಕ್ಕೇ, ಪ್ರತಿ ಕೋಡ್ ಪಾಯಿಂಟ್‌ಗೆ ಎಷ್ಟು ಕೋಶ ಅಂತ ಮೊದಲೇ ಇರೋ ಪಟ್ಟಿ ನೋಡಿ ಲೆಕ್ಕ ಹಾಕೋದು, ಕಣ್ಣಿಗೆ ಕಾಣೋ ಅಗಲಕ್ಕೂ ಅದಕ್ಕೂ ತಾಳೆ ಆಗಲ್ಲ.

ಕೆಡಿಇ ಜೊತೆ ಬರೋ ಕಾನ್ಸೋಲ್ ಹಾಕಿ ನೋಡಿ, ಅದು ಅಕ್ಕಪಕ್ಕದ್ದನ್ನ ಸೇರಿಸಿ ಬರೆಯುತ್ತೆ, ಒತ್ತಕ್ಷರ ಎಷ್ಟೋ ವಾಸಿ. ಎಮ್‌ಎಲ್‌ಟರ್ಮ್ ಅಂತ ಹಳೇದೊಂದಿದೆ, ಭಾರತದ ಲಿಪಿಗಳಿಗೆ ಅಂತಾನೇ ಅದರಲ್ಲಿ ವ್ಯವಸ್ಥೆ ಇದೆ. ಆದ್ರೂ ಪಠ್ಯ ಸರಿ ಇದೆಯಾ ಅಂತ ಟರ್ಮಿನಲ್ ನೋಡಿ ಯಾವತ್ತೂ ತೀರ್ಮಾನ ಮಾಡ್ಬೇಡಿ, ಎಡಿಟರ್‌ನಲ್ಲಿ ತೆಗೆದು ನೋಡಿ. ಟರ್ಮಿನಲ್‌ನಲ್ಲಿ ಒತ್ತು ಬಿಡಿಯಾಗಿ ಕಂಡಿದ್ದಕ್ಕೆ ಸರಿ ಇದ್ದ ಪದಗಳನ್ನೇ ತಿದ್ದಿ ಹಾಳು ಮಾಡ್ಕೊಂಡೋರನ್ನ ನಾನು ನೋಡಿದೀನಿ.

ಕಡತ_ಕಟ್ಟು:

ನಂದೂ ಒಂದು ಇದರಲ್ಲೇ ಕೇಳ್ಲಾ? ಎರಡು ಹಳೇ ಫೈಲ್ ಇವೆ. ಒಂದ್ರಲ್ಲಿ ಬೈಟ್_ಎಣಿಕೆ ಅವರು ಹೇಳಿದ ಗೀಟಿನ ಎ ಮತ್ತು ಪುಟ್ಟ 2 ಸಾಲು ಸಾಲು. ಇನ್ನೊಂದ್ರಲ್ಲಿ ಇಂಗ್ಲಿಷ್ ದೊಡ್ಡ ಪಿ, ಆಮೇಲೆ ಗೀಟಿರೋ ದೊಡ್ಡ ಎ, ಪೌಂಡ್ ಚಿಹ್ನೆ, ಇಂಥವು. ಎನ್‌ಕೋಡಿಂಗ್ ಬದಲಾಯಿಸೋ ಐಕಾನ್ವ್ ಎರಡಕ್ಕೂ ಓಡಿಸಿದೆ, ಮೊದಲನೇದು ಅರ್ಧಕ್ಕೆ ನಿಂತೋಯ್ತು, ಎರಡನೇದು ಇನ್ನೂ ಕೆಟ್ಟೋಯ್ತು.

ಬೈಟ್_ಎಣಿಕೆ:

ಎರಡನೇದು ಯೂನಿಕೋಡೇ ಅಲ್ಲ. ಅದು ನುಡಿ, ಬರಹ ಕಾಲದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಫೈಲ್ ಒಳಗೆ ಇರೋದು ನಿಜವಾಗ್ಲೂ ಪಿ ಅಕ್ಷರನೇ, ಆ ಫಾಂಟ್ ಹಾಕಿದಾಗ ಆ ಜಾಗದಲ್ಲಿ ಕ ಅಕ್ಷರದ ತುಂಡು ಕಾಣ್ತಿತ್ತು ಅಷ್ಟೇ. ಲೊಕೇಲ್, ಐಕಾನ್ವ್ ಯಾವುದರಿಂದಲೂ ಆಗಲ್ಲ, ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ, ಅದರಲ್ಲಿ ಹಾಕಿ. ಬಂದಿದ್ದನ್ನ ಒಂದ್ಸಲ ಕೂತು ಓದಿ, ಅರ್ಕಾವೊತ್ತು ಇರೋ ಪದಗಳನ್ನ ಮುಖ್ಯವಾಗಿ. ಹಳೇ ಫಾಂಟ್‌ನಲ್ಲಿ ಅರ್ಕಾವೊತ್ತನ್ನ ಅಕ್ಷರ ಆದಮೇಲೆ ಟೈಪ್ ಮಾಡ್ತಿದ್ರು, ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ಮುಂಚೆ ಬರ್ಬೇಕು, ಅದಲು ಬದಲು ಆಗೋವಾಗ ತಪ್ಪೋ ಸಾಧ್ಯತೆ ಅಲ್ಲೇ ಜಾಸ್ತಿ.

ಮೊದಲನೇದು ಉಳಿಸ್ಕೊಳ್ಳಬಹುದು. ಅರ್ಧಕ್ಕೆ ಯಾಕೆ ನಿಂತಿತು ಅಂತ ಹೇಳ್ತೀನಿ. ನಮ್ಮ ಹಲಂತದ ಮೂರನೇ ಬೈಟ್ ಹೆಕ್ಸ್‌ನಲ್ಲಿ 8ಡಿ. ವಿಂಡೋಸ್-1252 ಪಟ್ಟಿಯಲ್ಲಿ 8ಡಿ ಜಾಗ ಖಾಲಿ, ಅಲ್ಲಿಗೆ ಯಾವ ಅಕ್ಷರನೂ ಕೊಟ್ಟಿಲ್ಲ. ನೀವು ವಿಂಡೋಸ್-1252 ಅಂತ ಕೊಟ್ಟಿರ್ತೀರಿ, ಮೊದಲ ಒತ್ತಕ್ಷರ ಬಂದ ಕೂಡ್ಲೇ ಐಕಾನ್ವ್ ನಿಂತಿದೆ. ಕನ್ನಡದಲ್ಲಿ ಹಲಂತ ಇಲ್ಲದ ಸಾಲು ಎಲ್ಲಿದೆ ಹೇಳಿ. ಅದರ ಬದಲು ಯುಟಿಎಫ್-8ಯಿಂದ ಲ್ಯಾಟಿನ್1ಗೆ ಅಂತ ಕೊಟ್ಟು ನೋಡಿ. ಅದೂ ನಿಂತ್ರೆ ಪೈಥಾನ್‌ನ ಎಫ್‌ಟಿಎಫ್‌ವೈ ಲೈಬ್ರರಿ ಬಳಸಿ, ಇಂಥ ಖಾಲಿ ಜಾಗಗಳನ್ನೂ ಲೆಕ್ಕಕ್ಕೆ ತಗೊಂಡೇ ಅದು ಬಿಡಿಸುತ್ತೆ. ಯಾವುದೇ ಮಾಡೋ ಮುಂಚೆ ನಕಲು ಇಟ್ಕೊಳ್ಳಿ, ಔಟ್‌ಪುಟ್ ಬೇರೆ ಫೈಲ್‌ಗೆ ಕೊಡಿ, ಅದೇ ಫೈಲ್‌ಗೆ ವಾಪಸ್ ಬರೆದ್ರೆ ಖಾಲಿ ಆಗುತ್ತೆ.

ಒಂದು ಕಡೆ ಮಾತ್ರ ಏನೂ ಮಾಡೋಕಾಗಲ್ಲ. ಬೈಟ್‌ಗಳನ್ನ ತೋರಿಸೋ ಹೆಕ್ಸ್‌ಡಂಪ್ -ಸಿ ಕೊಟ್ಟು ನೋಡಿದಾಗ ಅಕ್ಷರ ಇರ್ಬೇಕಾದ ಕಡೆ 3ಎಫ್ 3ಎಫ್ 3ಎಫ್ ಅಂತ ಇದ್ರೆ ಅವು ನಿಜವಾದ ಪ್ರಶ್ನೆ ಚಿಹ್ನೆಗಳು. ಸೇವ್ ಮಾಡೋವಾಗ್ಲೇ ಅಕ್ಷರ ಹೋಗಿದೆ, ಬ್ಯಾಕಪ್ ಒಂದೇ ದಾರಿ.

ಕಡತ_ಕಟ್ಟು:

ಲ್ಯಾಟಿನ್1 ಕೊಟ್ಟಿದ್ದಕ್ಕೆ ಪೂರ್ತಿ ಬಂತು! ಆರು ವರ್ಷದಿಂದ ಹಂಗೇ ಬಿದ್ದಿತ್ತು ಅದು. ತುಂಬಾ ಉಪಕಾರ ಆಯ್ತು ಸರ್. ಇನ್ನೊಂದನ್ನ ಕನ್ವರ್ಟರ್‌ಗೆ ಹಾಕಿ ಅರ್ಕಾವೊತ್ತು ನೋಡ್ತೀನಿ.

ಹೊಸ_ಶೆಲ್:

ಕಾನ್ಸೋಲ್ ಹಾಕ್ಕೊಂಡೆ, ಒತ್ತು ಕೂತಿದೆ, ಎಲ್‌ಎಸ್ ಕೊಟ್ರೆ ನಾನೂರು ಹೆಸರೂ ಓದೋಕಾಗುತ್ತೆ. ಒಂದೇ ಒಂದು ಉಳಿದಿದೆ. ಈ ಡೈರಿಗಳನ್ನ ಗಿಟ್‌ನಲ್ಲೂ (ಫೈಲ್ ಬದಲಾವಣೆಗಳ ದಾಖಲೆ ಇಡೋ ಪ್ರೋಗ್ರಾಮ್) ಇಟ್ಟಿದೀನಿ, ಗಿಟ್ ಸ್ಟೇಟಸ್ ಕೊಟ್ರೆ ಅಲ್ಲಿ ಇನ್ನೂ \340\262 ಅಂತಾನೇ ಬರ್ತಿದೆ. ಡಬ್ಲ್ಯುಸಿ 5 ಹೇಳ್ತಿದೆ, ಎಲ್‌ಎಸ್ ಸರಿ ಇದೆ, ಲೊಕೇಲ್ ಸರಿ ಇದೆ. ಮತ್ತೆ ಎಲ್ಲೋ ಎಲ್‌ಸಿ_ಆಲ್ ಉಳ್ಕೊಂಡಿದ್ಯಾ?

ಕೊಂಡಿ_ಕಳಚಿ:

ಇಲ್ಲ ಸರ್, ಈ ಸಲ ಲೊಕೇಲ್ ಮುಟ್ಟಬೇಡಿ. ಗಿಟ್ ತಾನೇ ಹಂಗೆ ಮಾಡುತ್ತೆ, ಆಸ್ಕಿ ಅಲ್ಲದ ಹೆಸರುಗಳನ್ನ ಎಸ್ಕೇಪ್ ಮಾಡಿ ತೋರಿಸೋದು ಅದರ ಡೀಫಾಲ್ಟ್. ಗಿಟ್ ಕಾನ್ಫಿಗ್‌ನಲ್ಲಿ --ಗ್ಲೋಬಲ್ ಕೊಟ್ಟು ಕೋರ್.ಕೋಟ್‌ಪಾತ್ ಅನ್ನ ಫಾಲ್ಸ್ ಮಾಡಿ.

ಹೊಸ_ಶೆಲ್:

ಬಂತು! ಎಲ್ಲಾ ಹೆಸರೂ ಕನ್ನಡದಲ್ಲೇ ಕಾಣ್ತಿದೆ. ಈಗ ಬ್ಯಾಕಪ್‌ನ ಸರ್ವರ್‌ನಿಂದ ಆಚೆ ಇನ್ನೊಂದು ಡಿಸ್ಕ್‌ಗೂ ಕಾಪಿ ಮಾಡ್ತಿದೀನಿ, ಮುಗಿದ ತಕ್ಷಣ ಹತ್ತು ಫೈಲ್ ತೆಗೆದು ಮೌಸ್‌ಪ್ಯಾಡ್‌ನಲ್ಲೇ ನೋಡ್ತೀನಿ.